ಪಳಗಿದಷ್ಟೂ ಅಗ್ಗವಾದ ದೋಣಿಯವರಿಗೆ

ಮಾನ್ಯ ದೋಣಿಯವರೇ,

ತುಂಗಭದ್ರೆಯ ಹಿನ್ನೀರಿನಲ್ಲಿ, ನಮ್ಮೂರ ಬೇವಿನ ಮರಕ್ಕೆ ಹಗ್ಗ ಕಟ್ಟಿಸಿಕೊಂಡು ಹಾಯಾಗಿ ಬಿಸಿಲು ಕಾಯುತ್ತಿರುವ ತಮಗೆ, ಮುಂಡರಗಿ ದನದ ಸಂತೆಯ ದಲಾಲಿ ಕರೀಮಸಾಬನ ಸಾವಿರ ಸಲಾಮುಗಳು. ತಮ್ಮ ಮೋಟಾರಿನ ಕೆಮ್ಮು ಕಡಿಮೆಯಾಗಿದೆಯೆಂದೂ, ತಳದ ಗೀರುಗಳು ಮಾಯುತ್ತಿವೆಯೆಂದೂ ನಂಬಿದ್ದೇನೆ. ಎದುರಿಗೆ ನಿಂತು ಬೈದದ್ದು ತಮ್ಮ ಕಿವಿಗೆ ಬಿದ್ದಂತೆ ಕಾಣಲಿಲ್ಲವಾದ್ದರಿಂದ, ನಾಲ್ಕು ಮಂದಿಗೂ ಗೊತ್ತಾಗಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ದನದ ವಿಷಯದಲ್ಲಿ ನನ್ನ ಮಾತಿಗೆ ಶಿರಹಟ್ಟಿ, ಲಕ್ಷ್ಮೇಶ್ವರದ ತನಕ ಕಿಮ್ಮತ್ತಿದೆ ಎಂದು ನಾನೇ ಹೇಳಿಕೊಳ್ಳುವುದು ಚೆನ್ನಲ್ಲ; ಆದರೆ ಈಚೆಗೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿಕೊಳ್ಳಬೇಕಾಗಿದೆ. ದನದ ವಯಸ್ಸನ್ನು ನಾವು ಹಲ್ಲೆಣಿಸಿ ಹೇಳುತ್ತೇವೆ; ಎರಡು ಹಲ್ಲಿನ ಎಳೆ ಹೋರಿಯನ್ನು ತಂದು, ಕೊರಳಿಗೆ ನೊಗ ರೂಢಿ ಮಾಡಿಸಿ, ಹೊಲದಲ್ಲಿ ದುಡಿಸಿ, ಆರು ಹಲ್ಲಾಗುವ ಹೊತ್ತಿಗೆ ಸಂತೆಗೆ ಹೊಡೆದುಕೊಂಡು ಹೋದರೆ ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರುತ್ತದೆ. ಇದು ನಮ್ಮ ಅಜ್ಜನ ಕಾಲದಿಂದ ಬಂದ ಶಾಸ್ತ್ರ. ಈ ಶಾಸ್ತ್ರವನ್ನು ತಮಗೂ ಹಚ್ಚಿದ್ದು ನನ್ನ ತಪ್ಪೆಂದು ಊರವರು ಹೇಳುತ್ತಾರೆ. ತಪ್ಪು, ಹಲ್ಲೇ ಇಲ್ಲದೆ ಹುಟ್ಟಿದ ತಮ್ಮದೇ ಎಂದು ನಾನು ವಿನಯದಿಂದ ಹೇಳುತ್ತೇನೆ.

ಮೀನು ಹಿಡಿಯುವ ನೀಲಪ್ಪ ಯಾರೋ ಓಡಿಸಿ ಬಿಟ್ಟ ಹಳೆಯ ದೋಣಿಯನ್ನು ತಂದಾಗ "ಮುದಿ ಎತ್ತು ತಂದೆಲ್ಲೋ ಮಾರಾಯಾ" ಎಂದು ನಕ್ಕವನು ನಾನು. ನನ್ನ ಹೆಂಡತಿ ದಿಲಶಾದಬಿಗೆ "ಹೊಸಾ ದೋಣಿ ಅಂದ್ರ ಎಳೇ ಹೋರಿ ಇದ್ದಂಗ, ಪಳಗಿಸಿ ಮಾರಿದ್ರ ನಿನ್ನ ಒಂದು ಎಮ್ಮಿ ಹೋದಲ್ಲಿ ಎರಡು ಬರ್ತಾವು" ಎಂದು ಮಾತು ಕೊಟ್ಟು, ಅವಳು ಕರುವಿನಿಂದ ಸಾಕಿದ ಎಮ್ಮೆಯನ್ನು ಮಾರಿಸಿ, ಅದಕ್ಕೆ ನನ್ನ ಉಳಿತಾಯವನ್ನೆಲ್ಲ ಸೇರಿಸಿ ತಮ್ಮನ್ನು ಕೊಂಡವನೂ ನಾನೇ. ಅಂಗಡಿಯಲ್ಲಿ, ಹೋರಿಗೆ ನೋಡುವಂತೆ, ತಮ್ಮ ಬೆನ್ನು ಸವರಿ ಶುಭದ ಸುಳಿ ಹುಡುಕಿದೆ, ಪಕ್ಕೆಗೆ ಎರಡು ಗುದ್ದು ಕೊಟ್ಟು ನೋಡಿದೆ. ಅಂಗಡಿಯವರು ಇಂಥ ಗಿರಾಕಿಯನ್ನು ಕಂಡಿರಲಿಲ್ಲವೇನೋ, ಚಹಾ ತರಿಸಿಕೊಟ್ಟರು.

ಹಳೆಯ ದೋಣಿಗಳು ನೀರಿನಲ್ಲಿ ಮುಳುಗುತ್ತವೆಂದು ಕೇಳಿದ್ದೆ. ತಾವು ಟ್ರ್ಯಾಕ್ಟರಿನ ಮೇಲೆ, ಒಣ ರಸ್ತೆಯಲ್ಲಿಯೇ ಮುಳುಗಿದಿರಿ! ಅಂಗಡಿಯ ಬಾಗಿಲು ದಾಟಿದ ಗಳಿಗೆಯಿಂದಲೇ ತಮ್ಮ ಬೆಲೆ ಇಳಿಯತೊಡಗಿತ್ತೆಂದು ಆಮೇಲೆ ತಿಳಿಯಿತು. ತಾವು ಲಕ್ಷ್ಮೇಶ್ವರ ದಾಟಿ ಶಿರಹಟ್ಟಿಗೆ ಬಂದಾಗ ಮಂದಿ ಕೈ ಮಾಡಿ ಬೆಲೆ ಕೇಳಿದರೆ, ಮದುಮಗನ ಅಪ್ಪನಂತೆ ಎದೆ ಉಬ್ಬಿಸಿಕೊಂಡು ಉತ್ತರಿಸಿದೆನಲ್ಲ, ಆಗ ಒಂದು ಮಾತು ಕಿವಿಯಲ್ಲಿ ಹೇಳಬಾರದಿತ್ತೇ?

ಊರಿಗೆ ಬಂದ ಮೇಲೆ ತಮ್ಮನ್ನು ಪಳಗಿಸುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಮುಂಜಾನೆ ಸಂಜೆ ಓಡಿಸಿದೆ. ಭಾರಕ್ಕೆ ಹೆದರಬಾರದೆಂದು ಉಳ್ಳಾಗಡ್ಡಿ ಚೀಲಗಳನ್ನು ಹೇರಿ ಆಚೆ ದಂಡೆಗೆ ಒಯ್ದು, ಯಾರೂ ಕೇಳದಿದ್ದರೂ ಅವೇ ಚೀಲಗಳನ್ನು ಹೇರಿಕೊಂಡು ತಿರುಗಿ ಬಂದೆ. ದೋಣಿ ಕೊಡು-ಕೊಳ್ಳುವ ವ್ಯಾಪಾರದ ಮುಸ್ತಾಕ ಬಂದು "ಎಷ್ಟು ಓಡೇತ್ರಿ ಚಾಚಾ?" ಎಂದು ಕೇಳಿದಾಗ, ತಮ್ಮ ಮಾನ ಹೆಚ್ಚಲೆಂದು "ಒಂದು ದಿನಾನೂ ಸುಮ್ನ ನಿಂತಿಲ್ಲಪಾ, ಎಂಥಾ ಭಾರ ಹಾಕಿದ್ರೂ ಉಹೂಂ ಅಂದಿಲ್ಲ, ಕಲ್ಲಿಗೆ ಬಡಿದ್ರೂ ಬೆದರಿಲ್ಲ" ಎಂದು ಹೊಗಳಿದೆ. ಅವನು ಪಾಪ, ಎರಡೂ ಕೈ ಮುಗಿದ. "ಚಾಚಾ, ನೀವು ಹೊಗಳಿದಷ್ಟೂ ರೇಟು ಇಳಿಯಾಕತ್ತೈತಿ. ಇಷ್ಟಕ್ಕ ಸಾಕು ಮಾಡ್ರಿ, ಇಲ್ಲಂದ್ರ ನೀವ ನನಗ ರೊಕ್ಕಾ ಕೊಡೂದಾಗ್ತದ" ಎಂದು ಕೊಂಡದ್ದರ ಅರ್ಧಕ್ಕೂ ಕಡಿಮೆ ಹೇಳಿ ಹೋದ. ಅದೇ ಮುಸ್ತಾಕ ನೀಲಪ್ಪನ ಮುದಿ ಎತ್ತನ್ನು, ಅವನು ಕೊಂಡ ದರಕ್ಕಿಂತ ತುಸುವೇ ಕಡಿಮೆಗೆ, ನಗುನಗುತ್ತ ಒಯ್ದ. ಆ ದೋಣಿಯ ಮೊದಲ ಮಾಲೀಕನೇ ನಷ್ಟವನ್ನೆಲ್ಲ ಉಂಡು ಹೋಗಿದ್ದರಿಂದ ನೀಲಪ್ಪನಿಗೆ ಉಣ್ಣಲು ಏನೂ ಉಳಿದಿರಲಿಲ್ಲವಂತೆ.

ಇಂಥ ತ್ಯಾಗಮಯಿಗಳಾದ ತಮ್ಮಲ್ಲಿ ನನ್ನ ಕೆಲವು ಸಣ್ಣ ವಿನಂತಿಗಳಿದ್ದವು. ಸಾಧ್ಯವಾದರೆ ವರ್ಷಕ್ಕೆ ಎರಡು ಹಲ್ಲು ಬರಿಸಿಕೊಳ್ಳಬೇಕು. ಅದಾಗದಿದ್ದರೆ ದೀಪಾವಳಿಯ ಒಳಗೆ ಒಂದು ಮರಿದೋಣಿಯನ್ನಾದರೂ ಈಯಬೇಕು. ಅದೂ ಆಗದಿದ್ದರೆ ಮುಂಜಾನೆ ಒಂದು ಚರಿಗೆ ಹಾಲು ಕೊಡಬೇಕು. ಮನೆಯಲ್ಲಿ ಎಮ್ಮೆ ಹೋದಂದಿನಿಂದ ನನಗೆ ಕರಿ ಚಹಾವೇ ಗತಿಯಾಗಿತ್ತು. ದಿಲಶಾದಬಿ ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬಟ್ಟಲು ಮುಂದಿಟ್ಟು "ನಿಮ್ಮ ಹೋರಿಗೆ ಹಲ್ಲು ಬಂದುವೇನ್ರಿ?" ಎಂದಷ್ಟೇ ಕೇಳಿ ಒಳಗೆ ಹೋಗುತ್ತಿದ್ದಳು. ಖಾಲಿ ಕೊಟ್ಟಿಗೆಯ ಮುಂದೆ ಅವಳು ನಿಂತದ್ದನ್ನು ಕಂಡಾಗ ಮಾತ್ರ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟೆ, ಮಾನ್ಯರೇ. ಸಂತೆಯಲ್ಲಿ ಕೊಟ್ಟ ಮಾತು ತಪ್ಪದವನು ಮನೆಯಲ್ಲಿ ತಪ್ಪಿದ್ದೆ.

ಕಳೆದ ಶುಕ್ರವಾರ ನಡೆದದ್ದಕ್ಕೆ ತಾವೇ ಸಾಕ್ಷಿ. ಆಚೆ ದಂಡೆಯ ಹೊಲಗಳಿಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರ ಸಂಘಕ್ಕೆ ಒಂದು ದೋಣಿ ಬೇಕಾಗಿತ್ತು. ಸಂಘದ ಹನಮಂತವ್ವ ಮತ್ತು ಶಾರದವ್ವ ದಂಡೆಗೆ ಬಂದರು. ಅವರ ಮುಂದಾಳಾಗಿ ಬಂದವಳು ದಿಲಶಾದಬಿ! ಬಂದವಳೇ ನನ್ನ ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡು, ಅದರ ಮರೆಯಲ್ಲಿ ನನ್ನ ಕೈ ಹಿಡಿದಳು. ದರವನ್ನು ಬಾಯಿಬಿಟ್ಟು ಹೇಳದೆ ಟವೆಲಿನೊಳಗೆ ಬೆರಳು ಹಿಡಿದು ತಿಳಿಸುವುದು ನಮ್ಮ ದಲಾಲರ ಪದ್ಧತಿ; ಇಷ್ಟು ವರ್ಷ ನನ್ನ ಪಕ್ಕ ಬಾಳಿದವಳು ಅದನ್ನು ಯಾವಾಗ ಕಲಿತಳೋ, ಅಲ್ಲಾಹನೇ ಬಲ್ಲ. ನಾನು ಅವಳ ನಾಲ್ಕು ಬೆರಳು ಹಿಡಿದರೆ ಅವಳು ನನ್ನ ಎರಡು ಹಿಡಿದಳು. ಮೂರಕ್ಕೆ ಇಳಿದೆ, ಅವಳ ಹಿಡಿತ ಸಡಿಲಲಿಲ್ಲ. "ಮುಸ್ತಾಕಗಿಂತ ಕಡಿಮಿ ಆತಲ್ಲ" ಎಂದು ಪದ್ಧತಿ ಮುರಿದು ಬಾಯಿಬಿಟ್ಟೆ. "ಇದು ನನ್ನ ಎಮ್ಮಿ ರೇಟು ಐತ್ರಿ. ಬಾಕಿ ನಿಮ್ಮ ಹೋರಿ ಮೇದೈತಿ. ಹೊಸಾದರ ನಷ್ಟಾ ನೀವು ಉಂಡೀರಿ, ಹಳೇದರ ಲಾಭಾ ನಾವು ಉಣ್ತೀವಿ" ಎಂದಳು. ನಾನು ತಮ್ಮ ಹಗ್ಗವನ್ನು ಅವಳ ಕೈಗೆ ಕೊಟ್ಟೆ. ಸೋತದ್ದಕ್ಕೆ ನಾಚಿಕೆಯಾಯಿತು, ಸೋಲಿಸಿದವಳು ನನ್ನ ಹೆಂಡತಿಯೆಂದು ಅಷ್ಟೇ ಹೆಮ್ಮೆಯೂ ಆಯಿತು, ಅದನ್ನು ಯಾಕೆ ಮುಚ್ಚಿಡಲಿ? ಆ ಹಣದಲ್ಲಿ ಮರುದಿನವೇ ಕೊಟ್ಟಿಗೆಗೆ ಎಮ್ಮೆ ಬಂತು, ತಾವು ಸಂಘದವರಾದಿರಿ, ತಮ್ಮನ್ನು ನಡೆಸಲು ಸಂಘದವರು ನನ್ನನ್ನೇ ಕೂಲಿಗೆ ಇಟ್ಟುಕೊಂಡರು. ಆದ್ದರಿಂದ ಇನ್ನು ಮುಂದೆ ದಯವಿಟ್ಟು ನಡುನೀರಿನಲ್ಲಿ ಕೆಮ್ಮಿ ನನ್ನ ಹೊಸ ನೌಕರಿಗೆ ಕುತ್ತು ತರಬಾರದಾಗಿ ಪ್ರಾರ್ಥನೆ.

ಮಾಜಿ ಮಾಲೀಕನಾದರೂ, ಹಾಲಿ ಕೂಲಿಯವನಾದರೂ,
ಎಂದಿನಂತೆ ತಮ್ಮ ವಿಶ್ವಾಸಿ,
ಕರೀಮಸಾಬ

ತಾ.ಕ.: ನಿನ್ನೆ ನಡುನೀರಿನಲ್ಲಿ ಹನಮಂತವ್ವ ನನ್ನತ್ತ ಬೆರಳು ತೋರಿಸಿ, "ದಿಲಶಾದಕ್ಕಾ, ಇವರದು ಈಗ ಏನು ರೇಟು ಆಗಬಹುದು?" ಎಂದು ಕೇಳಿದಳು. "ಜನ್ಮದಾಗ ನಾ ಹೊಸಾದು ಅಂತ ತಗೊಂಡಿದ್ದು ಇವರೊಬ್ಬರನ್ನ ನೋಡವಾ. ಈಗ ಮಾರಾಕ ಹೋದ್ರ ಯಾರೂ ಕೇಳಂಗಿಲ್ಲ, ಅದಕ ಇಟಗೊಂಡೀನಿ" ಎಂದಳು ಅವಳು. ಹೆಂಗಸರೆಲ್ಲ ನಕ್ಕರು. ಅವರ ಜೊತೆ ತಾವೂ ಅಲ್ಲಾಡಿದ್ದು ಗಾಳಿಗೆ ಎಂದೇ ತಿಳಿದಿದ್ದೇನೆ.