ಬೀಗಿತ್ತಿಗಾಗಿ ಸ್ಪ್ಯಾನಿಷ್

ನನಗೆ ಆಗುವುದೆಲ್ಲ ಹೀಗೇ. ಬೇರೆಯವರು ಒಂದು ಕೆಲಸಕ್ಕೆ ಹೊರಟರೆ ಆ ಕೆಲಸ ಆಗುತ್ತದೆ, ನಾನು ಹೊರಟರೆ ಮನೆಯವರಿಗೆ ಹೇಳಿಕೊಂಡು ನಗಲಿಕ್ಕೆ ಒಂದು ಕತೆ ಆಗುತ್ತದೆ. ಈ ಸಲ ಮಾತ್ರ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಿಷಯ ಇಷ್ಟು. ಮಗಳು ಐರೋಲಿಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಸ್ಪೇನಿನಿಂದ ಬಂದ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗ ಒಳ್ಳೆಯವ, ನಮ್ಮ ಹೋಟೆಲಿನ ರಸಂ ಲೋಟದಲ್ಲಿ ಕೇಳಿ ಕುಡಿಯುತ್ತಾನೆ. ತೊಂದರೆ ಇದ್ದದ್ದು ಅವನ ತಾಯಿಯದು. ಗಂಡ ತೀರಿಹೋದ ಹೆಂಗಸು, ಒಬ್ಬನೇ ಮಗ, ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. "ಆ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡಲಿ? ಹುಡುಗಿಯ ತಾಯಿಯ ಜೊತೆ ಕೂತು ನೋಡದೆ ನಾನು ಹೂಂ ಅನ್ನುವುದಿಲ್ಲ" ಅಂದರಂತೆ. ಮಗನೋ, ಅಮ್ಮ ಒಪ್ಪದೆ ಮದುವೆ ಬೇಡ ಅನ್ನುವವ. ನಮ್ಮವಳು ಅತ್ತು ಅತ್ತು ಮುಖ ಊದಿಸಿಕೊಂಡಳು. ನೋಡಲಿಕ್ಕೆ ಆಗದೆ, ಡೊಂಬಿವ್ಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಬಿಲ್ಲು ನೋಡುತ್ತಿದ್ದ ನಾನು ಘೋಡಬಂದರ್ ರಸ್ತೆಯ ಒಂದು ಸ್ಪ್ಯಾನಿಷ್ ಕ್ಲಾಸಿಗೆ ಸೇರಿದೆ.

ಸೋಮವಾರದಿಂದ ಶುರು

ನನ್ನ ಓದು ನಿಂತು ಎಷ್ಟೋ ಕಾಲವಾಯಿತು. ಬಾಯಿಪಾಠ ಮಾಡುವ ಒಂದೇ ವಿಧಾನ ನನಗೆ ಗೊತ್ತಿದ್ದದ್ದು, ಅದು ನಮ್ಮ ವೇಟರುಗಳದು. ಗಿರಾಕಿ ಕೂತ ಕೂಡಲೇ ಇಡ್ಲಿ, ವಡಾ, ಸಾದಾ, ಮಸಾಲಾ, ರವಾ, ಉತ್ತಪ್ಪ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರಲ್ಲ, ಅದೇ ಧಾಟಿಯಲ್ಲಿ ವಾರದ ಹೆಸರು ಕಲಿತೆ. ಮನೆ ಹತ್ತಿರದ ಠಾಕುರ್ಲಿಯಲ್ಲಿ ಲೋಕಲ್ ರೈಲು ಹತ್ತಿದರೆ ಕ್ಲಾಸಿರುವ ಠಾಣೆ ಬರುವವರೆಗೂ ಅದೇ ಜಪ.

ಕ್ಲಾಸಿನಲ್ಲಿ ಟೀಚರ್ ಕೇಳಿದಳು, ಬುಧವಾರದ ಮರುದಿನ ಯಾವುದು ಅಂತ. ಅವಳು ಮರಾಠಿ ಹುಡುಗಿ, ನನ್ನ ಮಗಳಷ್ಟೇ ಪ್ರಾಯ. ನಾನು ಎದ್ದು ನಿಂತು "ಲೂನೆಸ್ ಮಾರ್ತೆಸ್" ಅಂತ ಸೋಮವಾರದಿಂದ ಹೊರಟೆ. ಗುರುವಾರ ಬಂತು, ಹೋಯಿತು, ನಾನು ನಿಲ್ಲಲಿಲ್ಲ. ಭಾನುವಾರ ಮುಟ್ಟಿದ ಮೇಲೆಯೇ ಉಸಿರು ಬಿಟ್ಟದ್ದು.

"ಕಾಕೂ, ಫಕ್ತ ಗುರುವಾರ್ ಸಾಂಗಾ," ಅಂದಳು. ಗುರುವಾರ ಒಂದೇ ಹೇಳಿ ಅಂತ. ನಾನು ಪುನಃ ಸೋಮವಾರದಿಂದ ಶುರು ಮಾಡಿದೆ. ಎಂತ ಮಾಡುವುದು, ನಡುವಿನಿಂದ ಹೇಳಲಿಕ್ಕೆ ಬರುವುದಿಲ್ಲ.

ಕಣ್ಣಲ್ಲಿ ನೀರು ತುಂಬಿಕೊಂಡು ಮನೆಗೆ ಬಂದೆ. ಹೀಗಾದರೆ ಬೀಗಿತ್ತಿಯ ಎದುರು ಎಂತ ಮಾತಾಡುವುದು? ನಮ್ಮವರು ಎಲ್ಲ ಕೇಳಿದರು, ತಲೆ ತುರಿಸಿಕೊಂಡರು. "ಬೇಜಾರು ಮಾಡಬೇಡ ಮಾರಾಯ್ತಿ. ಸ್ಪ್ಯಾನಿಷ್ ಬಾರದಿದ್ದರೆ ಬೇಡ, ಹೋಟೆಲಿಗೆ ಹೇಗೂ ಒಬ್ಬ ವೇಟರ್ ಕಡಿಮೆ ಉಂಟು."

ಹೊರಗಿನ ಭಾಷೆ

ಮನೆಯಲ್ಲಿ ನಮ್ಮದು ತುಳು, ಊರವರು ಸಿಕ್ಕಿದರೆ ಕನ್ನಡ, ಗಿರಾಕಿಗೆ ಹಿಂದಿ, ತರಕಾರಿ ಮಾರುವ ಭಾಜಿಯವಳಿಗೆ ಮರಾಠಿ. ಮಗಳು ಮಾತ್ರ ಎಲ್ಲದಕ್ಕೂ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ಮನೆಯದಲ್ಲದ ಭಾಷೆ ಬೇಕು ಅಂತ ಮನಸ್ಸು ಮಾಡಿದರೆ ಸಾಕು, ನನ್ನ ಬಾಯಿಗೆ ಮೊದಲು ಬರುವುದು ಮರಾಠಿ.

ಒಂದು ದಿನ ಟೀಚರ್ ಸ್ಪ್ಯಾನಿಷಿನಲ್ಲಿ ಕೇಳಿದಳು, ಕ್ಲಾಸಿಗೆ ಹೇಗೆ ಬರುತ್ತೀರಿ ಅಂತ. ನನಗೆ ಪ್ರಶ್ನೆ ಅರ್ಥವಾಯಿತು, ಅದೇ ಖುಷಿಯಲ್ಲಿ ಉತ್ತರ ಶುರು ಮಾಡಿದೆ. ಮೊದಲ ಎರಡು ಶಬ್ದ ಸ್ಪ್ಯಾನಿಷ್ ಇತ್ತು, ಅದು ನನಗೆ ಗ್ಯಾರಂಟಿ. ಆಮೇಲೆ ಯಾವಾಗ ಮರಾಠಿ ಆಯಿತೋ ದೇವರಿಗೇ ಗೊತ್ತು. ಕಲ್ಯಾಣದಿಂದಲೇ ತುಂಬಿ ಬರುವ ಗಾಡಿ, ಬಾಗಿಲಲ್ಲಿ ನಿಂತು ಒಳಗೆ ಬಿಡದ ಹೆಂಗಸರು, ಎಲ್ಲ ಹೇಳಿದೆ. ಟೀಚರೂ ದಿನಾ ಅದೇ ಗಾಡಿಯವಳು, ಅವಳಿಗೂ ಹೊಟ್ಟೆ ಉರಿದಿತ್ತು, ಅವಳೂ ಶುರು ಮಾಡಿದಳು. ಇಬ್ಬರೂ ಸೇರಿ ರೈಲ್ವೆಯವರಿಗೆ ಸಮಾ ಬೈದೆವು. ಎಷ್ಟು ಚಂದ ಮಾತಾಡುತ್ತಿದ್ದೇನೆ, ಇನ್ನು ಹೆದರಿಕೆ ಇಲ್ಲ ಅಂತ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಆಗ ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು. ಚೆನ್ನೈಯಿಂದ ಹೊಸದಾಗಿ ಬಂದ ಹೆಂಗಸು, ಪಾಪ, ಅಷ್ಟನ್ನೂ ಬರೆದುಕೊಂಡಿದ್ದಳು. "ಮ್ಯಾಡಮ್, ಇದು ಯಾವ ಲೆಸನ್?"

ಪರೀಕ್ಷೆ

ಬೀಗಿತ್ತಿ ಬರುವ ದಿನ ಹತ್ತಿರವಾಯಿತು. "ಅಮ್ಮ ಪರೀಕ್ಷೆ ಪಾಸಾಗಿಯೇ ನಿಮ್ಮ ಎದುರು ಕೂರುವುದು" ಅಂತ ಮಗಳು ಅಲ್ಲಿಗೆ ಹೇಳಿಬಿಟ್ಟಿದ್ದಳು. ಫೇಲಾದರೆ ನನ್ನ ಮರ್ಯಾದೆ ಹಾಳಾಗಿ ಹೋಗಲಿ, ಅವಳ ಮದುವೆ ಹೋಗುತ್ತದಲ್ಲ. ಮಾತಿನ ಪರೀಕ್ಷೆಗೆ ಹೊರಗಿನಿಂದ ಒಬ್ಬ ಸರ್ ಬಂದಿದ್ದರು. ಗಂಟುಮುಖ.

ಹೆಸರೇನು, ಮನೆ ಎಲ್ಲಿ, ಮದುವೆ ಆಗಿದೆಯಾ, ಮಕ್ಕಳೆಷ್ಟು ಅಂತ ಕೇಳಿದರು. ಕೇಳುತ್ತಿದ್ದ ಹಾಗೆ ನನ್ನ ಹೆದರಿಕೆ ಅರ್ಧ ಇಳಿಯಿತು. ಇದೆಲ್ಲ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿದ ಕೂಡಲೇ ಪಕ್ಕದವಳಿಗೆ ನಾವು ಕೇಳುವ ಪ್ರಶ್ನೆಗಳೇ. ಆದರೆ ನಮ್ಮಲ್ಲಿ ಕೇಳಿದವರಿಗೆ ತಿರುಗಿ ಕೇಳದಿದ್ದರೆ ಸೊಕ್ಕಿನವಳು ಅನ್ನುತ್ತಾರೆ. ಹಾಗಾಗಿ ಪ್ರತಿ ಉತ್ತರದ ಕೊನೆಗೆ "ಮತ್ತೆ ನಿಮ್ಮದು?" ಅಂತ ಸ್ಪ್ಯಾನಿಷಿನಲ್ಲೇ ಸೇರಿಸಿದೆ. ಪಾಪ, ಅವರು ಹೇಳುತ್ತಾ ಹೋದರು. ಸಾನಪಾಡಾದಲ್ಲಿ ಮನೆಯಂತೆ, ಸ್ವಂತದ್ದೇ. ತಾಯಿ ಜೊತೆಗಿದ್ದಾರಂತೆ. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಅಂತ ಕೇಳುವಷ್ಟು ಸ್ಪ್ಯಾನಿಷ್ ನನಗಿತ್ತು, ಕೇಳಿದೆ. ಅದಕ್ಕೆ ಉತ್ತರ ಉದ್ದವಾಯಿತು, ಅಷ್ಟರಲ್ಲಿ ಸಮಯ ಮುಗಿಯಿತು. ನನಗೆ ಕೇಳಬೇಕಾಗಿದ್ದ ಉಳಿದ ಪ್ರಶ್ನೆಗಳು ಹಾಗೇ ಉಳಿದವು.

ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಟೀಚರ್ ಬಂದಳು. "ಕಾಕೂ, ಪಾಸ್. ಆದರೆ ಸರ್ ಕೇಳ್ತಿದ್ದಾರೆ, ನಿಮ್ಮ ಕಡೆ ಹುಡುಗಿ ಯಾರಾದರೂ ಇದ್ದಾರಾ ಅಂತ."

ಸಾಕು ಅಂದರೆ

ಕಡೆಗೂ ಬೀಗಿತ್ತಿ ಆಗುವವರು ಠಾಕುರ್ಲಿಯ ನಮ್ಮ ಮನೆಗೆ ಬಂದರು. ಎತ್ತರದ ಹೆಂಗಸು, ತುಟಿ ಬಿಗಿದುಕೊಂಡು ಬ್ಯಾಗನ್ನು ತೊಡೆಯ ಮೇಲಿಟ್ಟು ಕೂತರು. ನಾನು ನಮಸ್ಕಾರ ಹೇಳಿದೆ, ಹೆಸರು ಹೇಳಿದೆ. ಅಷ್ಟೇ. ಕಲಿತದ್ದೆಲ್ಲ ಎಲ್ಲಿಗೆ ಹೋಯಿತೋ, ಬಾಯಿಗೆ ಬಂದದ್ದು ಸೋಮವಾರ, ಮಂಗಳವಾರ. ಅದನ್ನು ನುಂಗಿಕೊಂಡೆ. ಅವರು ಮಗನ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು.

ಮಾತು ಬಾರದಿದ್ದರೆ ಬಡಿಸುವುದೊಂದು ಬರುತ್ತದಲ್ಲ. ಎಲೆ ಹಾಕಿ ಅವರನ್ನು ಕೂರಿಸಿದೆ. ನೀರುದೋಸೆ ಎರಡು ತಿಂದರು. ಮೂರನೆಯದು ಹಾಕಲಿಕ್ಕೆ ಹೋದಾಗ "ನೋ, ಗ್ರಾಸಿಯಾಸ್" ಅಂದರು. ಬೇಡ ಅಂತ ಅರ್ಥ, ನನಗೆ ಚೆನ್ನಾಗಿ ತಿಳಿಯಿತು. ತಿಳಿದ ಖುಷಿಗೆ ಇನ್ನೊಂದು ಹಾಕಿದೆ. ಮೊದಲನೇ ಬೇಡ ನಮ್ಮಲ್ಲಿ ಮರ್ಯಾದೆಯದು, ಅದನ್ನು ನಂಬಿ ಯಾರಾದರೂ ನಿಲ್ಲಿಸುತ್ತಾರಾ? ಪುನಃ ಬೇಡ ಅಂದರು. ಪುನಃ ಹಾಕಿದೆ. ಹುಡುಗನ ಮುಖ ಕೆಂಪಾಯಿತು. ಮಗಳು ಪಕ್ಕಕ್ಕೆ ಬಂದು ಹಲ್ಲು ಕಚ್ಚಿ ಹೇಳಿದಳು, "ಅಮ್ಮ, ಬಸ್ ಕರ್. ಅವರು ಬೇಡ ಅಂತಿದ್ದಾರೆ, ಸಮಜ್ ಮೇ ನಹೀ ಆತಾ?"

"ಅರ್ಥ ಆಯ್ತು ಮಗಾ," ಅಂದೆ. "ಆದರೆ ಎರಡೇ ಸಲ ಹೇಳಿದ್ದು."

ಆ ಹೆಂಗಸು ಮಗನ ಹತ್ತಿರ ಏನೋ ಕೇಳಿದರು, ಅವನು ನಮ್ಮವಳ ಹತ್ತಿರ ಕೇಳಿದ. ನಿಮ್ಮ ಭಾಷೆಯಲ್ಲಿ ನಿಲ್ಲಿಸಿ ಅನ್ನಲಿಕ್ಕೆ ಎಂತ ಹೇಳಬೇಕು ಅಂತ. "ಸಾಕು" ಅಂತ ಅವಳು ಹೇಳಿಕೊಟ್ಟಳು. ಅಷ್ಟೊತ್ತಿಗೆ ನಮ್ಮವರು ಪಾಯಸದ ಪಾತ್ರೆ ಹಿಡಿದುಕೊಂಡು ಬಂದರು. ಬೀಗಿತ್ತಿ ತಲೆ ಎತ್ತಿ ಸ್ಪಷ್ಟವಾಗಿ ಹೇಳಿದರು, "ಸಾಕು." ಪಂಕ್ತಿಯಲ್ಲಿ ಸಾಕು ಅಂತ ಕೇಳಿದರೆ ಒಂದು ಸೌಟು ಹಾಕಿ ಮುಂದೆ ಹೋಗುವುದು ಈ ಮನುಷ್ಯನಿಗೆ ಹುಟ್ಟಿದಾರಭ್ಯ ಅಭ್ಯಾಸ. ಹಾಕಿದರು.

ಬೀಗಿತ್ತಿ ಎದ್ದು ನಿಂತರು. ಮಗಳು ಕಣ್ಣು ಮುಚ್ಚಿಕೊಂಡಳು. ಆಯಿತು, ಹೋಯಿತು ಮದುವೆ, ನನ್ನ ಕೈಯಾರೆ ಹಾಳು ಮಾಡಿದೆ ಅಂದುಕೊಂಡೆ.

ಅವರು ಬಾಗಿಲ ಕಡೆ ಹೋಗಲಿಲ್ಲ. ನಮ್ಮವರ ಕೈಯಿಂದ ಪಾತ್ರೆ ಕಸಿದುಕೊಂಡರು, ನನ್ನ ಭುಜ ಒತ್ತಿ ಖಾಲಿ ಎಲೆಯ ಮುಂದೆ ಕೂರಿಸಿದರು, ಪಾಯಸ ಸುರಿದರು. "ನೋ, ಗ್ರಾಸಿಯಾಸ್" ಅಂದೆ. ಸುರಿದರು. ಇನ್ನೊಮ್ಮೆ ಅಂದೆ. ಇನ್ನೊಮ್ಮೆ ಸುರಿದರು. ಎಲೆಯಿಂದ ಪಾಯಸ ನನ್ನ ಸೀರೆ ಕಡೆಗೆ ಹರಿಯಲಿಕ್ಕೆ ಹೊರಟಿತು. "ಸಾಕು" ಅಂದೆ. ನನ್ನ ಕಣ್ಣನ್ನೇ ನೋಡಿ ಇನ್ನೊಂದು ಸೌಟು ಹಾಕಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಮಗನ ಕಡೆ ತಿರುಗಿ ಒಂದು ಉದ್ದದ ಮಾತು ಹೇಳಿದರು.

ಮಗಳು ನನಗೆ ಅದರ ಅರ್ಥ ಹೇಳಲಿಕ್ಕೆ ಬಾಯಿ ತೆರೆಯುವ ಮೊದಲೇ ನಾನು ನಗಲಿಕ್ಕೆ ಶುರು ಮಾಡಿದ್ದೆ, ಜೊತೆಗೆ ಅಳುವೂ ಬಂತು. ಮದುವೆ, ಹೆಂಗಸು, ಚಮಚ, ಮೂರು ಶಬ್ದವೂ ನಮ್ಮ ಪಾಠದಲ್ಲಿ ಇದ್ದದ್ದೇ. ಅವರು ಹೇಳಿದ್ದು ಇಷ್ಟು: "ಮದುವೆ ಆಗಲಿ. ಆದರೆ ಆ ದಿನ ಈ ಹೆಂಗಸಿನ ಕೈಗೆ ಒಂದು ಚಮಚವನ್ನೂ ಕೊಡಬೇಡಿ."

"ಎಂತ ಹೇಳಿದ್ದು ಅವರು?" ಅಂತ ನಮ್ಮವರು ಗಾಬರಿಯಲ್ಲಿ ಕೇಳಿದರು.

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದೆ, "ಒಪ್ಪಿದರು. ಅವರ ಎಲೆಗೆ ಇನ್ನೊಂದು ಸೌಟು ಹಾಕಿ."