ಕ್ರಮಸಂಖ್ಯೆ ಎಂಬತ್ತೇಳು

ಮನುಷ್ಯನ ಕೆಟ್ಟ ಗುಣಗಳಿಂದ ಅಂಥ ಅಪಾಯವೇನಿಲ್ಲ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಅವು ಇವೆ ಎಂದು ಅವನಿಗೇ ಗೊತ್ತಿರುವುದರಿಂದ ಸ್ವಲ್ಪ ಹುಷಾರಾಗಿರುತ್ತಾನೆ. ಊರು ಹಾಳು ಮಾಡುವುದು ಒಳ್ಳೆಯ ಗುಣಗಳು. ನನ್ನ ವಿಷಯವನ್ನೇ ತೆಗೆದುಕೊಳ್ಳಿ: ನನ್ನ ಅಕ್ಷರ ದುಂಡಗಿದೆ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಂದು ಶುರುವಾದ ಗ್ರಹಚಾರ ಇದು. ಆಮೇಲೆ ನೆಂಟರಿಷ್ಟರ ಮದುವೆ ಲಗ್ನಪತ್ರಿಕೆಗಳಿಗೆಲ್ಲ ವಿಳಾಸ ಬರೆದೆ. ನನ್ನ ಮಾವನವರು ಹುಡುಗನನ್ನು ನೋಡುವ ಮೊದಲು ಹುಡುಗ ಬರೆದ ಕಾಗದ ನೋಡಿ ಹೆಣ್ಣು ಕೊಟ್ಟರು. ‘ನಮ್ಮಪ್ಪ ಅಕ್ಷರ ನೋಡೋ ಬದಲು ಮುಖ ನೋಡಿದ್ರೆ ನಾನು ಬಚಾವಾಗ್ತಿದ್ದೆ’ ಎಂದು ನನ್ನ ಹೆಂಡತಿ ಸಾವಿತ್ರಿ ಇಂದಿಗೂ ಹೇಳುತ್ತಾಳೆ. ಗಾಡಿಗಳ ರಿಜಿಸ್ಟ್ರೇಷನ್ ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿ ಯಾರಿಗೇ ಏನೇ ಬರೆಯಬೇಕಾದರೂ ‘ಮೂರ್ತೀನ ಕರೀರಿ’ ಎನ್ನುವುದು ವಾಡಿಕೆ.

ಇಂದಿರಾಕಾಂಗ್ರೆಸ್ಸೋ ಜನತಾವೋ, ಯಾವ ಸರ್ಕಾರ ಎಂಬುದು ಮರೆತಿದೆ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಹಾಗೆ ಕಾದು ತಂದ ಸ್ಕೂಟರು ಬೆಳಿಗ್ಗೆ ತರಕಾರಿ ಅಂಗಡಿಯ ಮುಂದಿನಿಂದ ಮಾಯವಾದರೆ, ಸಂಜೆಯೊಳಗೆ ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತಿತ್ತು. ಯಾರೋ ದೊಡ್ಡವರ ಕಾರೇ ಹೀಗೆ ಹೋಯಿತಂತೆ. ಸರ್ಕಾರಕ್ಕೆ ದಿಢೀರನೆ ಎಚ್ಚರವಾಯಿತು. ಲೈಸೆನ್ಸ್ ಇಲ್ಲದೆ ಇನ್ನು ಯಾರೂ ಗಾಡಿ ಬಿಚ್ಚಿ ಮಾರಕೂಡದು ಎಂದು ಆದೇಶ ಬಂತು. ಒಂದು ತಂಡವೂ ಆಯಿತು: ನಮ್ಮ ಸಾಹೇಬರು, ಅವರ ಜೀಪು, ಅರಗು ಮತ್ತು ಮೇಣದಬತ್ತಿ ಹಿಡಿದ ಜವಾನ ರಂಗಪ್ಪ, ಕಾರ್ಬನ್ ಕಾಗದ ಹಿಡಿದ ನಾನು. ಮೊದಲು ಹೋದದ್ದು ಆ ಭಾಗದ ಅತಿ ದೊಡ್ಡ ಯಾರ್ಡಿಗೆ. ಹಿಂದಿನ ವಾರ ಬಸ್ಸಿನಿಂದ ನೋಡಿದಾಗ ಅಲ್ಲಿ ಮೂವತ್ತು ಗಾಡಿಗಳ ಅಸ್ಥಿಪಂಜರಗಳಿದ್ದವು. ನಾವು ಹೋದ ದಿನ ಸಾಲಾಗಿ ಹೂವಿನ ಕುಂಡಗಳು! ಮಾಲೀಕ ಕೈಮುಗಿದು, ‘ನರ್ಸರಿ ಮಾಡಿದ್ದೀನಿ ಸಾರ್, ಈ ಕಬ್ಬಿಣದ ಸಹವಾಸ ಸಾಕಾಯ್ತು’ ಎಂದ. ಕಾಫಿ ಬಂತು, ಬಿಸ್ಕತ್ತು ಬಂತು. ಮನೆಯವರಿಗೆ ಕೊಡಿ ಎಂದು ನನಗೊಂದು ಗುಲಾಬಿ ಗಿಡವೂ ಸಿಕ್ಕಿತು.

ಬರಿಗೈಲಿ ವಾಪಸು ಹೋದರೆ ಮೇಲಿನವರು ಸುಮ್ಮನಿರುತ್ತಾರೆಯೇ? ಹಾಗೆ ನಮ್ಮ ಕೈಗೆ ಸಿಕ್ಕವನು ಮುನಿಶಾಮಪ್ಪ. ಅಲ್ಲೇ ಪಕ್ಕದ ಊರಿನ ಒಕ್ಕಲಿನವನು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಕಾರ್ಖಾನೆಗಳಿಗೆ ಹೋಗಿ ಹತ್ತು ಗುಂಟೆ ಉಳಿದಿತ್ತು. ಅದರಲ್ಲಿ ರಾಗಿ ಬಿತ್ತಿದರೆ ಗುಬ್ಬಿಗೂ ಸಾಲದೆಂದು ಹಳೆಯ ಲಾರಿ, ಸ್ಕೂಟರುಗಳನ್ನು ಕೊಂಡು ತಂದು ಬಿಚ್ಚುತ್ತಿದ್ದ. ಕದ್ದ ಮಾಲು ಮುಟ್ಟುವವನಲ್ಲ; ಕೊಂಡದ್ದಕ್ಕೆಲ್ಲ ಚೀಟಿಗಳು ಅವನ ಟ್ರಂಕಿನಲ್ಲಿದ್ದವು. ಇಲ್ಲದಿದ್ದದ್ದು ಲೈಸೆನ್ಸ್ ಒಂದೇ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಥರ್ಡ್‌ಹ್ಯಾಂಡ್ ಸ್ಕೂಟರಿನ ಅರ್ಧ ಅಂಗಾಂಗಗಳು ಅವನು ಕೊಟ್ಟವೇ. ಆದರೂ ಅಂದು ಸಾಹೇಬರ ಹಿಂದೆ ಅವನನ್ನು ಇದೇ ಮೊದಲು ನೋಡುವವನಂತೆ ನಿಂತೆ. ಅವನು ಒಂದು ಸಲ ನೋಡಿ, ತಾನೂ ನನ್ನನ್ನು ಕಂಡೇ ಇಲ್ಲದವನ ಹಾಗೆ ನಿಂತು ನನ್ನ ಮಾನ ಉಳಿಸಿದ.

ಇಂಥ ಕಡೆ ಮಹಜರು ಬರೆಯುವ ಕ್ರಮ ಬಲು ಸುಲಭ. ‘ಹಳೇ ಕಬ್ಬಿಣ, ಒಂದು ರಾಶಿ’ ಎಂದು ಬರೆದು ಇಬ್ಬರ ಸಹಿ ಹಾಕಿಸಿದರೆ ಮುಗಿಯಿತು. ರಾಶಿಯಲ್ಲಿ ಒಂದು ಹೆಚ್ಚಾದರೂ ರಾಶಿ, ಹತ್ತು ಕಡಿಮೆಯಾದರೂ ರಾಶಿ. ಸಾಹೇಬರೂ ಗಡಿಯಾರ ನೋಡಿ, ‘ಏನೋ ಒಂದು ಬರೀರಿ ಮೂರ್ತಿ, ಊಟದ ಹೊತ್ತಾಯ್ತು’ ಎಂದರು. ನಾನು ಬರೆಯುತ್ತಿದ್ದೆ, ದೇವರಾಣೆ. ಅಷ್ಟರಲ್ಲಿ ಮುನಿಶಾಮಪ್ಪನಿಗೆ ಸಿಟ್ಟು ಬಂತು.

‘ರಾಸಿ ಅಂದ್ರೆ ಎಂಗೆ ಸಾಮಿ? ರಾಸಿ ಆಕಕ್ಕೆ ಇದೇನ್ ರಾಗೀನಾ? ಒಂದೊಂದೂ ಕೈಯಾರೆ ಬಿಚ್ಚಿ, ಸೀಮೆಣ್ಣೆಯಾಗ್ ತೊಳ್ದು ಮಡಗಿವ್ನಿ. ಎಸ್ರಿಡ್ದು ಬರ್ಕಳಿ.’

ಅವನು ಒಂದೊಂದನ್ನೇ ಎತ್ತಿ ಹೆಸರು ಹೇಳತೊಡಗಿದ. ನಮ್ಮ ತಂಡದಲ್ಲಿ ಯಾರಿಗೂ ಆ ಸಾಮಾನುಗಳ ಹೆಸರೇ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ನಾಚಿಕೆ ಬಿಟ್ಟು ಹೇಳಬೇಕು. ‘ಇದು ಡೈನಮೋ, ಲಾರಿದು. ಇದು ಕಾರ್ಬುರೇಟ್ರು, ಸ್ಕೂಟ್ರುದು, ಸಕ್ಕತ್ ಮಾಲು, ಅಂಗಂತ ಬರೀರಿ.’ ಅಪರಾಧಿಯೇ ತನ್ನ ಮೇಲಿನ ಮಹಜರಿಗೆ ಉಕ್ತಲೇಖನ ಕೊಟ್ಟದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ. ಅವನಿಗೆ ತನ್ನ ಕಸುಬಿನ ಹೆಮ್ಮೆ, ನನಗೆ ನನ್ನ ಅಕ್ಷರದ ಹೆಮ್ಮೆ. ಹಳೆಯ ಬಸ್ಸಿನ ಸೀಟಿನ ಮೇಲೆ ಕೂತು, ಗೀಟು ಎಳೆದು, ಕ್ರಮಸಂಖ್ಯೆ ಹಾಕಿ, ಇನ್ನೂರ ಹನ್ನೆರಡು ಐಟಂ ಬರೆದೆ. ಮುಗಿದಾಗ ಅವನು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, ‘ಮುತ್ತು ಜೋಡ್ಸ್‌ದಂಗೈತೆ ಸಾಮಿ’ ಎಂದ. ಸಾಹೇಬರು ಹಸಿದು ಜೀಪಿನಲ್ಲಿ ನಿದ್ದೆ ಹೋಗಿದ್ದರು.

ನಮ್ಮ ಕಚೇರಿಯ ಅಂಗಳದಲ್ಲಿ ಕಾಲಿಡಲೂ ಜಾಗವಿಲ್ಲದ್ದರಿಂದ ಜಪ್ತಿ ಮಾಡಿದ ಮಾಲನ್ನು ಅವನ ವಶಕ್ಕೇ ಬಿಟ್ಟು ಮುಚ್ಚಳಿಕೆ ಬರೆಸಿಕೊಂಡೆವು. ರಂಗಪ್ಪ ಗೇಟಿಗೆ ಅರಗಿನ ಮುದ್ರೆ ಒತ್ತಿದ. ಗೇಟಿನ ಎರಡೂ ಬದಿಗೆ ಗೋಡೆಯಿರಲಿಲ್ಲ, ಹರಕು ಲಂಟಾನ ಬೇಲಿ. ಮೇಕೆಗಳು ನಮ್ಮ ಮುದ್ರೆಗೆ ಯಾವ ಮರ್ಯಾದೆಯನ್ನೂ ಕೊಡದೆ ಓಡಾಡುತ್ತಿದ್ದವು. ಸಾಹೇಬರು ಕಾನೂನು ವಿವರಿಸಿದರು: ಎರಡು ತಿಂಗಳ ಮೇಲೆ ಬಂದು ತಾಳೆ ನೋಡುತ್ತೇವೆ. ಪಟ್ಟಿಯಲ್ಲಿರುವುದೆಲ್ಲ ಇದ್ದರೆ ದಂಡ ಹಾಕಿ ಲೈಸೆನ್ಸ್ ಕೊಡುತ್ತೇವೆ. ಒಂದು ಐಟಂ ಕಡಿಮೆಯಾದರೂ ಮಾಲೆಲ್ಲ ಸರ್ಕಾರಕ್ಕೆ, ಲೈಸೆನ್ಸಿನ ಮಾತೇ ಇಲ್ಲ. ಮುನಿಶಾಮಪ್ಪ ಇದನ್ನು ಶುಭಸಮಾಚಾರ ಎಂದೇ ತಿಳಿದ. ಮಾರನೇ ವಾರವೇ ಲಾರಿಯ ಹಳೆಯ ಬಾಗಿಲೊಂದಕ್ಕೆ ನೀಲಿ ಬಣ್ಣ ಬಳಿದು ಬೇಲಿಗೆ ಒರಗಿಸಿದ್ದ. ‘ಲೈಸೆನ್ಸು ಬಂದೇಟ್ಗೆ ಬೋರ್ಡು ನೀವೇ ಬರ್ಕೊಡ್ಬೇಕು ಸಾಮಿ, ಅದೇ ಅಕ್ಸರದಾಗೆ’ ಎಂದ.

ಇದನ್ನು ಅವನು ನನಗೆ ಹೇಳಿದ್ದು ಯಾವಾಗ ಎಂದರೆ, ನನ್ನ ಸ್ಕೂಟರು ತುಮಕೂರು ರಸ್ತೆಯಲ್ಲಿ ಮಧ್ಯಾಹ್ನದ ಉರಿಬಿಸಿಲಿಗೆ ಕೆಮ್ಮಿ ಕೆಮ್ಮಿ ನಿಂತಾಗ. ಅಭ್ಯಾಸಬಲದಿಂದ ಅದನ್ನು ತಳ್ಳಿಕೊಂಡು ಯಾರ್ಡಿನ ಬೇಲಿಗೆ ಅಂಟಿಕೊಂಡಿದ್ದ ಅವನ ಮನೆಗೇ ಹೋದೆ. ನಾನೇ ಮುಚ್ಚಿಸಿದ ಅಂಗಡಿಗೆ ನಾನೇ ಗಿರಾಕಿ. ಅವನು ಸ್ಕೂಟರಿನ ಹೊಟ್ಟೆಗೆ ಕಿವಿಯಿಟ್ಟು, ‘ಕಾರ್ಬುರೇಟ್ರು ಓಗೈತೆ’ ಎಂದವನೇ ಮೇಕೆಗಳ ದಾರಿಯಲ್ಲಿ ಬೇಲಿ ನುಸುಳಿ ಒಂದನ್ನು ಹಿಡಿದು ಬಂದ. ನಾನು ನೋಡಿದ ಕೂಡಲೇ ಗುರುತಿಸಿದೆ: ಕ್ರಮಸಂಖ್ಯೆ ಎಂಬತ್ತೇಳು.

‘ಅಯ್ಯೋ, ಇದು ಪಟ್ಟಿಯಲ್ಲಿದೆ ಕಣಪ್ಪಾ!’

‘ಇರ್ಲಿ ಬುಡಿ. ಮಾಲು ನಂದು, ಪಟ್ಟಿ ನಿಮ್ದು. ತಾಳೆ ನೋಡಕ್ಕೆ ಬರೋ ದಿನ ನಿಮ್ಗೆ ಮುಂಚ್ಲೇ ಗೊತ್ತಾಯ್ತದಲ್ಲ, ಅದ್ಕೆ ಒಂದಿನ ಮೊದ್ಲು ತಂದ್‌ಕೊಡಿ, ಬಿಚ್ಚಿ ಮಡಿಕ್ಕಂಡ್ರಾಯ್ತು.’

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಬಿಸಿಲು ಜಾಸ್ತಿಯಿತ್ತು.

ತಾಳೆಯ ದಿನ ನನಗೆ ಮುಂಚೆಯೇ ಗೊತ್ತಾಯಿತು. ನೋಟೀಸು ಬರೆದವನೇ ನಾನಲ್ಲವೇ? ಎಂಟು ದಿನ ಕೈಯಲ್ಲಿತ್ತು. ಸೋಮವಾರ ಕೆಲಸ ಹೆಚ್ಚು. ಮಂಗಳವಾರ ನಾದಿನಿಯ ಮಗುವಿನ ನಾಮಕರಣ, ಸ್ಕೂಟರು ಬೇಕು. ಆಮೇಲಿನ ದಿನಗಳೆಲ್ಲ ಸುಮ್ಮನೆ ಸೋಮಾರಿತನ. ‘ಆ ಮುನಿಶಾಮಪ್ಪನ ಸಾಮಾನು ಕೊಟ್ರಾ?’ ಎಂದು ಸಾವಿತ್ರಿ ಎರಡು ಸಲ ಕೇಳಿದಳು. ‘ಕೊಡ್ತೀನಿ ಕಣೇ, ಊರೇನು ಮುಳುಗಿಹೋಗಲ್ಲ’ ಎಂದೆ. ಕೊನೆಗೆ ಆ ದಿನವೇ ಬಂತು. ಸಾಹೇಬರ ಜೀಪು ಹತ್ತೂವರೆಗಿಂತ ಮೊದಲು ಎಲ್ಲಿಗೂ ಹೊರಟದ್ದಿಲ್ಲ, ನಾನು ಒಂಬತ್ತಕ್ಕೇ ಹೋದರೆ ಬಿಚ್ಚಲು ಬೇಕಾದಷ್ಟು ಹೊತ್ತು ಎಂದು ಸ್ಕೂಟರಿನಲ್ಲಿ ಹೋದೆ. ಜೀಪು ಬೇಲಿಯ ಪಕ್ಕದಲ್ಲಿ ನಿಂತಿತ್ತು. ಮಧ್ಯಾಹ್ನ ಮಗಳ ಸ್ಕೂಲಿನಲ್ಲಿ ಏನೋ ಸಮಾರಂಭವಂತೆ, ಸಾಹೇಬರು ಬೇಗ ಮುಗಿಸಲು ಬಂದಿದ್ದರು.

ನಾನು ಪಟ್ಟಿ ಓದಿದೆ. ಮುನಿಶಾಮಪ್ಪ ಒಂದೊಂದನ್ನೇ ಎತ್ತಿ ತೋರಿಸಿದ. ಎಂಬತ್ತಾರರವರೆಗೆ ನನ್ನ ದನಿ ಚೆನ್ನಾಗಿತ್ತು. ಎಂಬತ್ತೇಳು ಎಂದಾಗ ಅವನು ಬಗ್ಗಿದವನು ಹಾಗೇ ನಿಂತ. ಹತ್ತು ಹೆಜ್ಜೆ ಆಚೆ ಎಂಬತ್ತೇಳು ನನ್ನ ಸ್ಕೂಟರಿನೊಳಗೆ ಇನ್ನೂ ಬಿಸಿಯಾಗಿತ್ತು. ಅವನು ಸ್ಕೂಟರು ನೋಡಿದ, ನನ್ನ ಮುಖ ನೋಡಿದ. ನಾನು ಪಟ್ಟಿ ನೋಡಿದೆ.

‘ಎಲ್ರೀ ಅದು?’ ಎಂದರು ಸಾಹೇಬರು.

ಅವನು ಇನ್ನೂ ಒಂದು ಗಳಿಗೆ ಕಾದ. ನಾನು ಬಾಯಿ ಬಿಡುತ್ತೇನೆ ಎಂದೇ ಕಾದ. ಅದು ನನಗೆ ಚೆನ್ನಾಗಿ ಗೊತ್ತು. ಆಮೇಲೆ, ‘ಎಲ್ಲೋ ಬಿದ್ದೋಗೈತೆ ಸಾ’ ಎಂದ. ನಾನು ಎಂಬತ್ತೇಳರ ಮುಂದೆ ‘ಇಲ್ಲ’ ಎಂದು ಬರೆದೆ. ಆ ಎರಡಕ್ಷರವೂ ದುಂಡಗೇ ಬಂದವು.

ಮಾರನೇ ದಿನ ಲಾರಿ ಬಂದು ಇನ್ನೂರ ಹನ್ನೊಂದು ಐಟಮ್ಮುಗಳನ್ನು ತುಂಬಿಕೊಂಡು ಹೋಯಿತು. ಅವು ಮಳೆಯಲ್ಲಿ ತುಕ್ಕು ಹಿಡಿದು ಹರಾಜಾದವು. ಕೊಂಡವನು ಆ ಹೂಕುಂಡಗಳ ಮಾಲೀಕ, ಈಗ ಲೈಸೆನ್ಸುದಾರ. ಹರಾಜಿನ ಕಾಗದದಲ್ಲಿ ಹೀಗಿತ್ತು: ‘ಹಳೇ ಕಬ್ಬಿಣ, ಒಂದು ರಾಶಿ’. ನನ್ನ ಮಹಜರು ಮಾತ್ರ ಮಾದರಿಯೆಂದು ಬೇರೆ ಕಚೇರಿಗಳಿಗೂ ಹೋಗಿದೆ. ಮುನಿಶಾಮಪ್ಪ ಈಗ ಆ ಮಾಲೀಕನ ಯಾರ್ಡಿನ ಗೇಟಿನಲ್ಲಿ ವಾಚ್‌ಮನ್. ಅಕ್ಷರವಿಲ್ಲದ ಆ ನೀಲಿ ಬಾಗಿಲು ಪಟ್ಟಿಯಲ್ಲಿ ಸೇರಿರದ ಕಾರಣ ಅವನಿಗೇ ಉಳಿಯಿತು. ತನ್ನ ಬೇಲಿಯಲ್ಲಿ ಮೇಕೆ ನುಗ್ಗುವ ಕಡೆ ಅಡ್ಡ ಇಟ್ಟಿದ್ದಾನೆ.

ಒಂದು ಭಾನುವಾರ ಧೈರ್ಯ ಮಾಡಿ, ಕಾರ್ಬುರೇಟರನ್ನು ಬಿಚ್ಚಿಸಿ, ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಅವನ ಮನೆಗೆ ಹೋದೆ. ಅವನು ಬಿಚ್ಚಿ ನೋಡಿ, ಪಂಚೆಯ ತುದಿಯಿಂದ ಒರೆಸಿ, ನನ್ನ ಕೈಗೇ ಇಟ್ಟ. ‘ಇನ್ನೂರನ್ನೊಂದು ಓಗ್ಬುಟ್ಮೇಲೆ ಇದೊಂದ್ ಇಟ್ಕಂಡು ನಾನೇನ್ ಮಾಡ್ಲಿ ಸಾಮಿ? ನೀವು ಆಪೀಸಿಗೆ ಓಗೋರು, ಆಕ್ಕಳಿ’ ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗಲೂ ಅದು ನನ್ನ ಸ್ಕೂಟರಿನಲ್ಲೇ ಇದೆ. ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ. ಒಂದು ದಿನ, ಒಂದೇ ಒಂದು ದಿನ ಅದು ನಡುರಸ್ತೆಯಲ್ಲಿ ಕೆಟ್ಟು ನಿಂತು, ನಾನದನ್ನು ಬಿಸಿಲಿನಲ್ಲಿ ಬೆವರು ಸುರಿಸಿ ಮನೆಯವರೆಗೂ ತಳ್ಳಿದರೆ ಮನಸ್ಸಿಗೆ ಕೊಂಚ ಹಗುರವಾದೀತು ಎಂದು ಕಾಯುತ್ತಿದ್ದೇನೆ. ಕೆಡುತ್ತಲೇ ಇಲ್ಲ. ಸಕ್ಕತ್ ಮಾಲು ಎಂದು ಅವನು ಅಂದೇ ಹೇಳಿದ್ದ. ಹಾಗೆಂದು ನಾನೇ ಬರೆದುಕೊಂಡಿದ್ದೆ.