ಮುಂಗೈ ಕಲ್ಲಾದಾಗ

ನಲವತ್ತು ದಾಟಿದ ಮೇಲೆ ಮಣ್ಣಿನ ಗುಡ್ಡಗಳ ಮೇಲೆ ಬೈಕ್ ಹಾರಿಸುವ ಚಟ ಹತ್ತಿಸಿಕೊಂಡವರು ನಗೆಪಾಟಲಾಗಲು ಬೇರೆ ಪ್ರಯತ್ನ ಪಡಬೇಕಾಗಿಲ್ಲ. ವಾರಕ್ಕೊಂದು ಸಂದರ್ಭ ತಾನಾಗೇ ಒದಗಿ ಬರುತ್ತದೆ.

ನಾನು ಮೈಸೂರಿನವಳು. ಟೆಕ್ಸಾಸಿನ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ವಾರವಿಡೀ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ತೊಟ್ಟು, ಒಂದು ಕಣ ಧೂಳೂ ಒಳಗೆ ಬರಬಾರದೆಂದು ಕಾಯುತ್ತೇನೆ. ಭಾನುವಾರ ಆಸ್ಟಿನ್ ಹೊರಗಿನ ಮೋಟೋಕ್ರಾಸ್ ಟ್ರ್ಯಾಕಿಗೆ ಹೋಗಿ ಅದೇ ಧೂಳನ್ನು ಬಾಯಿತುಂಬ ತಿಂದು ಬರುತ್ತೇನೆ.

ಈ ಆಟದಲ್ಲಿ ಬೀಳುವುದೇ ದೊಡ್ಡ ಕಷ್ಟ ಎಂದು ಜನ ತಿಳಿದಿದ್ದಾರೆ. ನನಗೆ ಕಷ್ಟ ಕೊಟ್ಟದ್ದು ಮುಂಗೈ. ಭಯಕ್ಕೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತೀರಿ. ಹಿಡಿದಷ್ಟೂ ಮೊಣಕೈಯಿಂದ ಮಣಿಕಟ್ಟಿನವರೆಗೆ ಸ್ನಾಯು ಉಬ್ಬಿ ಕಲ್ಲಾಗುತ್ತದೆ. ಬೆರಳಿಗೆ ಬ್ರೇಕು, ಕ್ಲಚ್ಚು ಎರಡೂ ಸಿಗುವುದಿಲ್ಲ. ಅದಕ್ಕೆ ಇನ್ನಷ್ಟು ಭಯವಾಗಿ ಇನ್ನಷ್ಟು ಬಿಗಿ ಹಿಡಿಯುತ್ತೀರಿ. ಟ್ರ್ಯಾಕಿನವರು ಇದನ್ನು ಆರ್ಮ್ ಪಂಪ್ ಅನ್ನುತ್ತಾರೆ. ನಾನು ಇದರ ಕೈಯಿಂದ ಬಿಡಿಸಿಕೊಳ್ಳಲು ಪಟ್ಟ ಪಾಡು ಹೇಳುತ್ತೇನೆ.

ಕಾರಿನ ಬಾಗಿಲು

ಮೊದಲ ದಿನ ನನ್ನ ಜೊತೆ ಯಜಮಾನರು ಬಂದಿದ್ದರು. ಬಂದಿದ್ದರು ಅಂದರೆ, ಕಾರಿನೊಳಗೆ ಎಸಿ ಹಾಕಿಕೊಂಡು, ಕಿಟಕಿ ಏರಿಸಿ, ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ನಾನು ನಾಲ್ಕಾರು ಸುತ್ತು ಹಾಕುವಷ್ಟರಲ್ಲಿ ಕೈ ಸೋತುಹೋಗಿತ್ತು. ಬೈಕನ್ನು ಹೇಗೋ ಪಕ್ಕಕ್ಕೆ ತಂದು ಬೇಲಿಗೆ ಒರಗಿಸಿದೆ. ಬೆರಳುಗಳು ಹ್ಯಾಂಡಲ್ ಹಿಡಿದ ಆಕಾರದಲ್ಲೇ ನಿಂತುಬಿಟ್ಟಿದ್ದವು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡಿದೆ, ಆಗಲಿಲ್ಲ. ಕನ್ನಡಕದ ಮೇಲೆಲ್ಲ ಕೆಸರು. ಸರಿ, ಇವರೇ ಬಿಚ್ಚಲಿ ಎಂದು ಕಾರಿನ ಹತ್ತಿರ ಹೋದೆ. ಕಿಟಕಿ ತಟ್ಟಲು ಕೈ ಏಳಲಿಲ್ಲ. ಬೇರೆ ದಾರಿ ಕಾಣದೆ ಹೆಲ್ಮೆಟ್ಟಿನಿಂದಲೇ ಗಾಜಿಗೆ ಢಣ್ ಢಣ್ ಎಂದು ಕುಟ್ಟಿದೆ.

ಇವರು ತಲೆಯೆತ್ತಿ ನೋಡಿದರು. ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡ. ನನ್ನನ್ನೇ ದಿಟ್ಟಿಸಿ ನೋಡಿದರು.

ಆಮೇಲೆ ಟಕ್ ಎಂದು ನಾಲ್ಕೂ ಬಾಗಿಲು ಲಾಕ್ ಮಾಡಿಕೊಂಡರು.

ಹಪ್ಪಳ

ಹೀಗಾದರೆ ಆಗುವುದಿಲ್ಲ ಎಂದು ಒಬ್ಬ ಕೋಚ್ ಹತ್ತಿರ ಸೇರಿದೆ. ಅರವತ್ತು ದಾಟಿದ ಟೆಕ್ಸಾಸ್ ಹೆಂಗಸು. ಹರೆಯದಲ್ಲಿ ಬೈಕ್ ರೇಸು ಓಡಿಸಿದವರು, ಈಗ ಹೆಂಗಸರಿಗೆ ಕಲಿಸುತ್ತಾರೆ. ನಾನು ಆ ಹೊತ್ತಿಗೆ ಮುಂಗೈ ಗಟ್ಟಿಯಾಗಲಿ ಎಂದು ಆಫೀಸಿನಲ್ಲಿ ರಬ್ಬರ್ ಚೆಂಡು ಹಿಸುಕುತ್ತಿದ್ದೆ. ಅದನ್ನು ಹೇಳಿದಾಗ ಅವರು ನಕ್ಕರು.

"ನಿನ್ನ ಕೈಗೆ ಶಕ್ತಿ ಸಾಕಷ್ಟಿದೆ, ಡಿಯರ್. ಅದನ್ನು ಸುಮ್ಮನಿರಿಸುವುದು ಕಲಿ. ಬೈಕನ್ನು ಹಿಡಿಯಬೇಕಾದ್ದು ಮೊಣಕಾಲು. ಕೈ ಬರೀ ದಾರಿ ತೋರಿಸಬೇಕು. ಹಕ್ಕಿಮರಿ ಹಿಡಿದ ಹಾಗೆ ಹಿಡಿ."

"ನಾನು ಜನ್ಮದಲ್ಲಿ ಹಕ್ಕಿಮರಿ ಹಿಡಿದಿಲ್ಲ," ಅಂದೆ.

"ಹಾಗಾದರೆ ಮತ್ತೇನು ಹಿಡಿದಿದ್ದೀಯ? ಸ್ವಲ್ಪ ಒತ್ತಿದರೂ ಮುರಿಯುವಂಥದ್ದು?"

ಯೋಚಿಸಿ ಹಪ್ಪಳ ಅಂದೆ. ಹಪ್ಪಳ ಎಂದರೇನು ಎಂದು ಅವರಿಗೆ ವಿವರಿಸುವ ಬದಲು ಮುಂದಿನ ಭಾನುವಾರ ಒಂದು ಡಬ್ಬಿ ಕರಿದುಕೊಂಡು ಹೋದೆ. ಅವರು ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನನ್ನನ್ನು ಹತ್ತಿಸಿ, ಅಂಗೈಗೂ ಹಿಡಿಕೆಗೂ ನಡುವೆ ಹಪ್ಪಳದ ತುಂಡು ಇಟ್ಟರು. "ಮೊಣಕೈ ಮೇಲೆತ್ತು. ಮೊಣಕಾಲು ಒತ್ತು. ಹಪ್ಪಳ ಮುರಿಯಬಾರದು," ಎಂದು ಹೇಳಿ ಹಿಂದಿನಿಂದ ಬೈಕನ್ನು ಅಲ್ಲಾಡಿಸತೊಡಗಿದರು.

ಪಟ್ ಎಂದು ಮುರಿಯಿತು. ಚೂರುಗಳನ್ನು ಅವರು ಬಾಯಿಗೆ ಹಾಕಿಕೊಂಡರು. ಇನ್ನೊಂದು ಇಟ್ಟರು, ಅದೂ ಪಟ್. ಅದನ್ನೂ ತಿಂದರು. ಡಬ್ಬಿ ಖಾಲಿಯಾಗುತ್ತ ಬಂತು. ಕೊನೆಗೆ ಅವರು ಎಷ್ಟು ಅಲ್ಲಾಡಿಸಿದರೂ ಒಂದು ತುಂಡು ಇಡಿಯಾಗಿ ಉಳಿಯಿತು. ತೊಡೆ ನೋಯುತ್ತಿತ್ತು, ಕೈ ಹಗುರವಾಗಿತ್ತು. ಎಷ್ಟೋ ತಿಂಗಳ ಮೇಲೆ ಆದ ಗೆಲುವು. ಕಣ್ಣಲ್ಲಿ ನೀರು ಬಂತು. "ನೋಡಿ, ಮುರಿಯಲಿಲ್ಲ!" ಎಂದು ಅಂಗೈ ಚಾಚಿದೆ.

ಕೋಚ್ ಆ ತುಂಡನ್ನು ಎತ್ತಿಕೊಂಡು, ಹೆಮ್ಮೆಯಿಂದ ನೋಡಿ, ಕರುಂ ಎಂದು ಕಡಿದರು.

"ಪಾಠ ಚೆನ್ನಾಗಿತ್ತು. ಮುಂದಿನ ವಾರ ಇನ್ನೂ ಖಾರದ್ದು ತಾ."

ಡಾಕ್ಟರ್ ಅಂಕಲ್

ಹ್ಯೂಸ್ಟನ್ ಕಡೆ ದ ವುಡ್‌ಲ್ಯಾಂಡ್ಸ್‌ನಲ್ಲಿ ನಮ್ಮ ನಾದಿನಿ ಇದ್ದಾಳೆ. ಅವಳ ಮನೆಯ ಊಟಕ್ಕೆ ಧಾರವಾಡದ ಒಬ್ಬ ಡಾಕ್ಟರ್ ಅಂಕಲ್ ಬಂದಿದ್ದರು. ಎಪ್ಪತ್ತರ ಆಸುಪಾಸು, ಮೂಳೆ ಸ್ನಾಯುಗಳ ತಜ್ಞರು. ನಾನು ಸಾರಿನ ಸೌಟು ಹಿಡಿಯುವಾಗ ಮುಖ ಕಿವುಚಿದ್ದನ್ನು ಅವರು ಗಮನಿಸಿ, ಮುಂಗೈ ಹಿಡಿದು ಒತ್ತಿ ನೋಡಿದರು.

"ಏನ್ ಮಾಡ್ತೀರಿ ಈ ಕೈಲೆ?"

"ಬೈಕ್ ಓಡಿಸ್ತೀನಿ, ಅಂಕಲ್. ಮಣ್ಣಿನ ಗುಡ್ಡದ ಮೇಲಿಂದ ಹಾರಿಸೋದು."

ಊಟಕ್ಕೆ ಕೂತವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಅಂಕಲ್ ಮಾತ್ರ ಗಂಭೀರವಾಗಿ ಎಲ್ಲ ಹೇಳಿದರು. ಟ್ರ್ಯಾಕಿಗೆ ಇಳಿಯೋ ಮೊದಲು ಮೈ ಬೆಚ್ಚಗೆ ಮಾಡ್ಕೋಬೇಕು, ಮೊದಲ ಸುತ್ತೇ ಜೋರು ಹೊಡೀಬಾರದು, ನೀರು ಕುಡೀಬೇಕು, ಕೈಗವಸಿನ ಪಟ್ಟಿ ಬಿಗೀಬಾರದು. ಇಳಿದ ಮೇಲೂ ನೋವು, ಜೋಮು ಹೋಗದಿದ್ದರೆ ಸುಮ್ಮನೆ ಕೂರದೆ ಡಾಕ್ಟರಿಗೆ ತೋರಿಸಬೇಕು. ನಾನು ತಲೆಯಾಡಿಸುತ್ತ ಕೇಳಿದೆ. ಆಮೇಲೆ ಅವರು ದನಿ ತಗ್ಗಿಸಿದರು.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಆಪರೇಷನ್ ಗೀಪರೇಷನ್ ಅನ್ನುತ್ತಾರೇನೋ ಎಂದು ಕೈ ಹಿಂದಕ್ಕೆ ಎಳೆದುಕೊಂಡೆ.

"ನಿಮ್ಮ ಅವ್ವಗ ಗೊತ್ತೈತೇನ್ರಿ?"

ನನ್ನ ಮಗಳೇ ಕಾರು ಕಲಿಯುವ ವಯಸ್ಸಿಗೆ ಬಂದಿದ್ದಾಳೆ. ಆದರೂ ಸಣ್ಣ ದನಿಯಲ್ಲಿ ಇಲ್ಲ ಅಂದೆ.

"ಹೇಳಾಕ ಹೋಗಬ್ಯಾಡ್ರಿ," ಅಂದರು ಅಂಕಲ್. "ಹೋದ ವರ್ಷ ನಾ ಪ್ಯಾರಾಶೂಟ್ ಕಟ್ಕೊಂಡು ವಿಮಾನದಾಗಿಂದ ಜಿಗಿದೆ. ನಮ್ಮವ್ವಗ ತೊಂಬತ್ತೈದಾತು. ಇನ್ನೂ ಧೈರ್ಯ ಆಗಿಲ್ಲ."

ಮಗಳ ಡ್ರೈವಿಂಗ್

ಈ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಡಾಲಸ್ ಹತ್ತಿರ ಹೆಂಗಸರ ರೇಸು ಇತ್ತು. ಬೈಕುಗಳನ್ನು ಕೋಚ್ ತಮ್ಮ ಟ್ರಕ್ಕಿನಲ್ಲಿ ತರುತ್ತಿದ್ದರು. ಕಾರು ನಾನು ಓಡಿಸುತ್ತೇನೆ ಎಂದು ಮಗಳು ಹಟ ಹಿಡಿದಳು. ಲರ್ನರ್ ಲೈಸೆನ್ಸ್ ಇತ್ತು, ಬೇಡ ಅನ್ನಲು ನನಗೆ ಕಾರಣ ಸಿಗಲಿಲ್ಲ.

ಹೈವೇ ಹತ್ತಿದ ಮೇಲೆ ನಮ್ಮ ಎಡಕ್ಕೊಂದು ಬಲಕ್ಕೊಂದು ಮನೆಯಷ್ಟು ದೊಡ್ಡ ಲಾರಿಗಳು. "ಚೆನ್ನಾಗಿ ಓಡಿಸ್ತಿದೀಯ ಪುಟ್ಟಿ," ಎಂದಷ್ಟೇ ಹೇಳುತ್ತಿದ್ದೆ. ವೇಕೋ ಊರು ದಾಟಿ ಪೆಟ್ರೋಲ್ ಹಾಕಿಸಲು ನಿಂತೆವು. ಇಳಿಯಲು ಹೋದರೆ ಬಲಗೈ ಬಾಗಿಲಿನ ಹಿಡಿಯನ್ನು ಬಿಡಲೇ ಇಲ್ಲ. ಮುಂಗೈ ಕಲ್ಲಾಗಿತ್ತು. ಬೈಕು ಮುಟ್ಟಿಯೇ ಇರಲಿಲ್ಲ!

ಆಗ ನನಗೆ ಸ್ವಲ್ಪ ಗಾಬರಿಯಾಯಿತು, ನಾಚಿಕೆಯೂ ಆಯಿತು. ಬೈಕು ಒಂದೇ ಅಲ್ಲ. ಮೀಟಿಂಗಿನಲ್ಲಿ ಪೆನ್ನು, ಅಮ್ಮನ ಫೋನ್ ಬಂದಾಗ ಮೊಬೈಲು, ಇವಳ ಶಾಲೆಯ ಗೇಟಿನಲ್ಲಿ ಇವಳ ಬ್ಯಾಗು, ಎಲ್ಲವನ್ನೂ ನಾನು ಹೀಗೇ ಹಿಡಿದು ಬಂದಿದ್ದೆ. ಬಿಟ್ಟರೆ ಏನೋ ಆಗಿಬಿಡುತ್ತದೆ ಎಂಬ ಹಾಗೆ.

ಮಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೈಯಲಿಲ್ಲ. ಕನಿಕರದಿಂದಲೇ ಕೇಳಿದಳು:

"ಅಮ್ಮಾ, ಯು ನೋ ದಿಸ್ ಡಸಂಟ್ ಸ್ಟಿಯರ್ ದ ಕಾರ್, ರೈಟ್?"

ಮಗ್ಗಿ

ಡಾಲಸ್ ರೇಸಿಗೆ ಮುಂಚಿನ ಎರಡು ರೇಸುಗಳಲ್ಲಿ ಕೈ ಸೋತು ಅರ್ಧಕ್ಕೇ ಹೊರಬಂದಿದ್ದೆ. ಗೆಲ್ಲುವ ಆಸೆ ಇರಲಿಲ್ಲ. ಒಂದು ಸಲವಾದರೂ ಪೂರ್ತಿ ಓಡಿಸಬೇಕು, ಇಲ್ಲದಿದ್ದರೆ ಬೈಕು ಮಾರಿಬಿಡಬೇಕು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ನನ್ನ ಬೈಕು ರಿಪೇರಿಗೆ ಹೋಗಿದ್ದರಿಂದ ಕೋಚ್ ತಮ್ಮ ಬ್ಯಾಟರಿ ಬೈಕು ಕೊಟ್ಟಿದ್ದರು. ಅದಕ್ಕೆ ಗುಡುಗು ಇಲ್ಲ, ಹೊಗೆಯಿಲ್ಲ, ಮಿಕ್ಸಿಯಷ್ಟೂ ಸದ್ದು ಮಾಡುವುದಿಲ್ಲ.

ಹೊರಡುವ ಗೇಟಿನ ಹತ್ತಿರ ಕೋಚ್ ಬಂದು ಭುಜ ತಟ್ಟಿದರು. "ನೀನು ಗುಡ್ಡ ಹತ್ತುವಾಗ ಉಸಿರು ಕಟ್ಟುತ್ತೀಯ. ಉಸಿರು ನಿಂತರೆ ಕೈ ಬಿಗಿಯುತ್ತದೆ. ಜೋರಾಗಿ ಹಾಡಿಕೊಂಡು ಓಡಿಸು."

ಆ ಕ್ಷಣಕ್ಕೆ ನನಗೆ ಬರುವ ಹಾಡುಗಳೆಲ್ಲ ಮರೆತುಹೋದವು. ಅಡ್ಡ ನಿಂತಿದ್ದ ಗೇಟು ಕೆಳಕ್ಕೆ ಬಿದ್ದು ರೇಸು ಶುರುವಾಯಿತು. ಎಲ್ಲರೂ ಧೂಳೆಬ್ಬಿಸಿ ನುಗ್ಗಿದರು. ಎರಡನೇ ತಿರುವಿಗೆಲ್ಲ ನಾನು ನೆಮ್ಮದಿಯಾಗಿ ಕೊನೆಯವಳಾಗಿದ್ದೆ. ಮುಂದಿನವರ ಸದ್ದು ದೂರವಾಯಿತು. ಬಾಯಿಗೆ ಬಂದದ್ದು ಮೈಸೂರಿನ ಪ್ರೈಮರಿ ಶಾಲೆಯಲ್ಲಿ ಕೂಗಿದ ಮಗ್ಗಿ.

"ಎರಡೊಂದ್ಲಿ ಎರಡು! ಎರಡೆರಡ್ಲಿ ನಾಲ್ಕು!"

ಕೂಗಬೇಕಾದರೆ ಉಸಿರಾಡಲೇಬೇಕು. ಮೊಣಕಾಲು ಬೈಕನ್ನು ಅಪ್ಪಿತು, ಬೆರಳು ಸಡಿಲವಾಯಿತು. ಐದರ ಮಗ್ಗಿಯಲ್ಲಿ ಉದ್ದನೆಯ ಉಬ್ಬುಗಳನ್ನು ದಾಟಿದೆ. "ಏಳೇಳ್ಲಿ ನಲವತ್ತೊಂಬತ್ತು!" ಎನ್ನುವಾಗ ಗಾಳಿಯಲ್ಲಿದ್ದೆ. ಸುತ್ತುಗಳು ಕಳೆದವು, ಕೈಗೆ ಏನೂ ಆಗಲಿಲ್ಲ. ಖುಷಿಗೆ ದನಿ ಇನ್ನೂ ಏರಿತು. ಹಾಗೇ ಹದಿಮೂರಕ್ಕೆ ಬಂದೆ.

"ಹದಿಮೂರಾರ್ಲಿ ಎಪ್ಪತ್ತೆಂಟು! ಹದಿಮೂರೇಳ್ಲಿ... ಹದಿಮೂರೇಳ್ಲಿ..."

ತಿರುವು ಬಂತು. ಅಲ್ಲಿ ಕಿತ್ತಳೆ ಜಾಕೆಟ್ಟು, ಟೋಪಿ ಹಾಕಿಕೊಂಡು, ಯಾರಾದರೂ ಬಿದ್ದರೆ ಬೀಸುವ ಹಳದಿ ಬಾವುಟ ಹಿಡಿದ ಒಬ್ಬಳು ಸ್ವಯಂಸೇವಕಿ ನಿಂತಿದ್ದಳು.

"ಎಂಬತ್ತೊಂಬತ್ತು!" ಅಂದೆ.

"ತೊಂಬತ್ತೊಂದ್ರೀ ಆಂಟಿ!" ಎಂದು ಬಾವುಟದ ಕಡೆಯಿಂದ ಕೂಗು ಬಂತು.

ಟೆಕ್ಸಾಸಿನ ಬಯಲಲ್ಲಿ ಬಿಜಾಪುರದ ದನಿ! ಬೈಕು ಹುಲ್ಲಿಗೆ ಹೋಗಿ ಮತ್ತೆ ದಾರಿಗೆ ಬಂತು. ನಗು ತಡೆಯಲಾಗಲಿಲ್ಲ. ಮುಂದಿನ ಸುತ್ತಿಗೆ ಅವಳು ಕಾದೇ ಇದ್ದಳು. ನಾನು ಕಂಡ ಕೂಡಲೇ "ಹದಿಮೂರೆಂಟ್ಲಿ?" ಎಂದಳು. "ನೂರಾ ನಾಲ್ಕು!" ಎಂದು ಕೂಗಿ ತಿರುವು ದಾಟಿದೆ.

ರೇಸು ಮುಗಿಸಿದೆ. ಎಲ್ಲರಿಗಿಂತ ಕೊನೆಯಲ್ಲಿ, ಆದರೆ ಪೂರ್ತಿ. ಕೋಚ್ ಅಪ್ಪಿಕೊಂಡರು, ಮಗಳು ಕುಣಿದಾಡಿದಳು. ಬಾವುಟದ ಹುಡುಗಿಯೂ ಓಡಿ ಬಂದಳು. ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಎಂಎಸ್ ಓದುತ್ತಿದ್ದಾಳೆ, ರೂಮ್‌ಮೇಟ್ ಜೊತೆ ಸುಮ್ಮನೆ ಬಂದವಳ ಕೈಗೆ ಯಾರೋ ಬಾವುಟ ಕೊಟ್ಟಿದ್ದರಂತೆ.

ಅಷ್ಟರಲ್ಲಿ ಮೊದಲನೆಯ ಸ್ಥಾನ ಪಡೆದ ಎತ್ತರದ ಹೆಂಗಸು, ಕೈಯಲ್ಲಿ ಟ್ರೋಫಿ ಹಿಡಿದು, ಮುಂಗೈ ತಿಕ್ಕಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಬಹಳ ಭಕ್ತಿಯಿಂದ ಕೇಳಿದಳು: "ಗುಡ್ಡದ ಮೇಲೆ ನಿಮ್ಮನ್ನು ದಾಟುವಾಗ ಕೇಳಿಸಿತು, ನೀವು ಹೇಳುತ್ತಿದ್ದಿರಲ್ಲ, ಆ ಪ್ರಾರ್ಥನೆ. ನಿಮ್ಮ ಕೋಚ್ ಹೇಳಿದರು, ಅದರಿಂದ ಕೈ ಬಿಗಿಯುವುದಿಲ್ಲವಂತೆ. ನನಗೂ ಕಲಿಸುತ್ತೀರಾ?"

ನಾನು ಏನು ಹೇಳಲಿ ಎಂದು ಹುಡುಗಿಯ ಮುಖ ನೋಡಿದೆ. ಅವಳು ಒಂದಿಷ್ಟೂ ನಗದೆ, ಕನ್ನಡದಲ್ಲಿ ನನಗಷ್ಟೇ ಹೇಳಿದಳು:

"ಕಲಿಸ್ರಿ ಆಂಟಿ. ಆದ್ರ ಹನ್ನೆರಡರ ತನಕ ಸಾಕು. ಮುಂದಿಂದು ನಿಮಗೂ ಬರಂಗಿಲ್ಲ."